ಗಣಕಯಂತ್ರದ ಹೊರೆಯನ್ನು ಅಳೆಯುವ ಮಾದರಿ ಏಜೆಂಟು

ಪಹಣಿಯ ಲೆಕ್ಕವು ಗಣಕಯಂತ್ರವನ್ನು ಸೇರಿದ ಮೇಲೆ, ಆ ಯಂತ್ರವು ತಡವರಿಸಿದರೆ ಜಮೀನುದಾರರ ಕೆಲಸವೂ ನಿಲ್ಲುವುದು. ಆದಕಾರಣ ಯಂತ್ರದ ಮೇಲೆ ಎಷ್ಟು ಹೊರೆ ಬಿದ್ದಿದೆಯೆಂಬುದನ್ನು ಎಡೆಬಿಡದೆ ಅಳೆಯುವುದು ಅವಶ್ಯಕವು. ಲಿನಕ್ಸ್ ಯಂತ್ರಗಳಲ್ಲಿ ಇದಕ್ಕೆ 'ಪರ್ಫಾರ್ಮೆನ್ಸ್ ಕೋ-ಪೈಲಟ್' ಎಂಬ ಏರ್ಪಾಡುಂಟು. ಅದರಲ್ಲಿ 'ಪಿಎಂಸಿಡಿ' ಎಂಬುದು ಊರ ಯಜಮಾನನಂತೆ. ಒಂದೊಂದು ವಿಷಯದ ಲೆಕ್ಕವನ್ನು ಅದಕ್ಕೆ ಒಪ್ಪಿಸುವ ಏಜೆಂಟುಗಳು ತಳವಾರ, ನೀರಗಂಟಿಗಳಂತೆ.

ಹೊಸ ಏಜೆಂಟನ್ನು ರಚಿಸಬೇಕೆನ್ನುವವರು ಮೊದಲು 'ಸಿಂಪಲ್' ಎಂಬ ಮಾದರಿಯನ್ನು ಸ್ಥಾಪಿಸಿ ನೋಡತಕ್ಕದ್ದು. ಯಂತ್ರದ ಪೂರ್ಣಾಧಿಕಾರವುಳ್ಳವನು ಏರ್ಪಾಡಿನ ಕಡತಗಳಲ್ಲಿರುವ 'ಸಿಂಪಲ್' ಕೋಶವನ್ನು ಹೊಕ್ಕು, ಅಲ್ಲಿನ 'ಇನ್‌ಸ್ಟಾಲ್' ಆಜ್ಞೆಯನ್ನು ನಡೆಸಬೇಕು. ಬಳಿಕ 'ಪಿಎಂಇನ್ಫೋ' ಎಂಬ ಆಜ್ಞೆಯಿಂದ ಅಂಕಿಗಳನ್ನು ಕೇಳಬೇಕು. ಕೆಂಪು, ಹಸಿರು, ನೀಲಿ ಎಂಬ ಹೆಸರಿನ ಮೂರು ಅಂಕಿಗಳು ಕೇಳಿದಂತೆಲ್ಲ ಏರುತ್ತ, 255ನ್ನು ಮುಟ್ಟಿ ಮತ್ತೆ ಸೊನ್ನೆಗೆ ಬರುವುವು. ಅವುಗಳಿಗೆ ಸ್ವತಃ ಯಾವ ಅರ್ಥವೂ ಇಲ್ಲ. ಆದರೂ ಅವು ಏರಿದರೆ ವರದಿಯ ದಾರಿಯು ಸರಿಯಾಗಿದೆಯೆಂದು ತಿಳಿಯಬಹುದು. ಏರದಿದ್ದರೆ, ತಾವಿನ್ನೂ ಬರೆಯದ ಲೆಕ್ಕವನ್ನು ದೂಷಿಸದೆ ಸ್ಥಾಪನೆಯಲ್ಲಿಯೇ ದೋಷವನ್ನು ಹುಡುಕತಕ್ಕದ್ದು.

ಪ್ರತ್ಯೇಕವಾಗಿ ನಡೆಯುವ ಏಜೆಂಟು 5 ಸೆಕೆಂಡುಗಳೊಳಗೆ ಉತ್ತರ ಕೊಡದಿದ್ದಲ್ಲಿ, ಬೇರೆ ಏರ್ಪಾಡು ಮಾಡದ ಹೊರತು, ಪಿಎಂಸಿಡಿಯು ಅದರ ಸಂಪರ್ಕವನ್ನು ಕಡಿಯುವುದು. ಆದುದರಿಂದ ಲೆಕ್ಕವನ್ನು ಕೂಡಲು ಬಹಳ ಹೊತ್ತು ಹಿಡಿಯುವ ಏಜೆಂಟು ಉಪಯೋಗಕ್ಕೆ ಬಾರದು. ಪರೀಕ್ಷೆಯು ಮುಗಿದ ಮೇಲೆ ಮಾದರಿಯನ್ನು ಅದೇ ಕೋಶದ 'ರಿಮೂವ್' ಆಜ್ಞೆಯಿಂದ ತೆಗೆಯಬಹುದು.