ಗಾಲಿಕುರ್ಚಿ: ಬೆಲೆಪಟ್ಟಿಗಿಂತ ಅಳತೆಪಟ್ಟಿ ಮುಖ್ಯ

ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಸೇವಾ ಕಾರ್ಯಕ್ರಮಗಳಲ್ಲಿ ಗಾಲಿಕುರ್ಚಿ ವಿತರಣೆ ಎಲ್ಲರಿಗೂ ಪರಿಚಿತವಾದ ದೃಶ್ಯ. ವರ್ತಕರ ಸಂಘಗಳು, ಸೇವಾ ಸಂಸ್ಥೆಗಳು ಹಾಗೂ ಉದ್ದಿಮೆಗಳು ಸದುದ್ದೇಶದಿಂದ ಹಣ ಕೂಡಿಸುತ್ತವೆ. ಒಂದೇ ಗಾತ್ರದ ಹತ್ತಿಪ್ಪತ್ತು ಕುರ್ಚಿಗಳನ್ನು ಸಗಟು ದರದಲ್ಲಿ ಖರೀದಿಸಲಾಗುತ್ತದೆ. ವೇದಿಕೆಯ ಮೇಲೆ ಅವು ಹಸ್ತಾಂತರವಾಗುತ್ತವೆ. ದಾನಿಯ ಲೆಕ್ಕಪುಸ್ತಕದಲ್ಲಿ ಆ ವ್ಯವಹಾರ ಅಂದಿಗೆ ಮುಕ್ತಾಯವಾಗುತ್ತದೆ. ಫಲಾನುಭವಿಯ ಮನೆಯಲ್ಲಿ ಅದು ಅಂದು ಆರಂಭವಾಗುತ್ತದೆ. ಕೆಲವು ತಿಂಗಳುಗಳ ನಂತರ ಆ ಮನೆಗಳಿಗೆ ಹೋಗಿ ನೋಡಿದರೆ ಎಷ್ಟೋ ಕುರ್ಚಿಗಳು ಮೂಲೆಯಲ್ಲಿ ಬಟ್ಟೆ ಹೇರಿಕೊಂಡು ನಿಂತಿರುತ್ತವೆ. ಬಳಕೆಯಲ್ಲಿರುವ ಕೆಲವು ಕುರ್ಚಿಗಳು ಕುಳಿತವರಿಗೇ ಗಾಯ ಮಾಡಿರುತ್ತವೆ.

ಇದಕ್ಕೆ ಕಾರಣ ದಾನಿಯ ಮನಸ್ಸಿನಲ್ಲಾಗಲಿ, ತಯಾರಕರ ಕೌಶಲದಲ್ಲಾಗಲಿ ಇಲ್ಲ. ಕನ್ನಡಕವನ್ನು ಕಣ್ಣು ಪರೀಕ್ಷಿಸದೆ ಯಾರೂ ಕೊಡುವುದಿಲ್ಲ. ಗಾಲಿಕುರ್ಚಿಯನ್ನು ಮಾತ್ರ ಮೈ ಅಳೆಯದೆ ಕೊಡುವ ರೂಢಿ ಬೆಳೆದುಬಂದಿದೆ. ಈ ಅಳತೆಯ ಕೆಲಸವನ್ನೇ ವೃತ್ತಿಯಾಗಿ ಮಾಡುವ ತಜ್ಞರಿದ್ದಾರೆ ಎಂಬುದನ್ನೂ, ಅವರ ಕೆಲಸಕ್ಕೂ ವಾಣಿಜ್ಯ ವಲಯಕ್ಕೂ ಇರುವ ಸಂಬಂಧವನ್ನೂ ತಿಳಿಯುವುದು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ವರ್ತಕರಿಗೆ ಹಾಗೂ ಸಣ್ಣ ಉದ್ದಿಮೆದಾರರಿಗೆ ಉಪಯುಕ್ತ.

ವೃತ್ತಿಯ ಸ್ವರೂಪ

ಫಿಸಿಯೋಥೆರಪಿ ಪದವೀಧರರು ಎಂದೊಡನೆ ಮಂಡಿ ನೋವಿಗೆ ವ್ಯಾಯಾಮ ಹೇಳಿಕೊಡುವವರು ಎಂಬ ಭಾವನೆ ಸಾಮಾನ್ಯ. ಅವರಲ್ಲಿ ಕೆಲವರು ಆಸನ ವ್ಯವಸ್ಥೆ ಮತ್ತು ಸಹಾಯಕ ಸಾಧನಗಳಲ್ಲಿ ಹೆಚ್ಚಿನ ತರಬೇತಿ ಪಡೆಯುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರು, ಮೆದುಳಿನ ಪಾರ್ಶ್ವವಾಯು ಇರುವ ಮಕ್ಕಳು, ಪೋಲಿಯೊ, ಲಕ್ವ ಅಥವಾ ಸ್ನಾಯುಕ್ಷಯಕ್ಕೆ ಒಳಗಾದವರು ಹೇಗೆ ಕೂರಬಲ್ಲರು, ಎಷ್ಟು ಹೊತ್ತು ಕೂರಬಲ್ಲರು, ಕುಳಿತು ಏನು ಮಾಡಬಯಸುತ್ತಾರೆ ಎಂಬುದನ್ನು ಪರೀಕ್ಷಿಸಿ ತಕ್ಕ ಸಾಧನವನ್ನು ಸೂಚಿಸುವುದು ಇವರ ಕೆಲಸ. ಸಾಧನ ಬಂದ ಮೇಲೆ ಅದನ್ನು ವ್ಯಕ್ತಿಗೆ ಹೊಂದಿಸುವುದು, ಬಳಕೆ ಕಲಿಸುವುದು ಮತ್ತು ಕಾಲಕಾಲಕ್ಕೆ ಮರುಪರಿಶೀಲಿಸುವುದು ಕೂಡ ಅವರ ಹೊಣೆಯೇ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಕೈಚಾಲಿತ ಗಾಲಿಕುರ್ಚಿ ಒದಗಿಸುವ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು; 2012ರಿಂದ ತರಬೇತಿ ಪಠ್ಯಗಳನ್ನು ಹೊರತಂದಿತು; 2023ರಲ್ಲಿ ಮಾರ್ಗಸೂಚಿಯನ್ನು ನವೀಕರಿಸಿತು. ಇವುಗಳ ಸಾರ ಒಂದೇ: ಆಯ್ಕೆ, ಹೊಂದಾಣಿಕೆ, ತರಬೇತಿ ಮತ್ತು ಮರುಭೇಟಿ ಸೇರಿದಾಗ ಮಾತ್ರ ಗಾಲಿಕುರ್ಚಿ ಕೊಟ್ಟಂತಾಗುತ್ತದೆ. ನಾಲ್ಕೂ ತಾಲ್ಲೂಕುಗಳಿಗೆ ಸಮೀಪದ ಬೆಂಗಳೂರಿನಲ್ಲಿ ಈ ಪರಿಣತಿ ಲಭ್ಯವಿದೆ. 1959ರಲ್ಲಿ ಎನ್. ಎಸ್. ಹೇಮಾ ಅವರು ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಹಾಗೂ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಈ ಕ್ಷೇತ್ರದಲ್ಲಿ ದೀರ್ಘಕಾಲದಿಂದ ಕಾರ್ಯನಿರತವಾಗಿವೆ.

ಜನಸಂಖ್ಯೆಯ ಶೇ. 1ರಷ್ಟು ಮಂದಿಗೆ ಗಾಲಿಕುರ್ಚಿ ಅಗತ್ಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2011ರ ಜನಗಣತಿಯಂತೆ ಆಗಿನ ರಾಮನಗರ ಜಿಲ್ಲೆಯ ಜನಸಂಖ್ಯೆ 10.82 ಲಕ್ಷ. 2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಜಿಲ್ಲೆ ಇದು. ಆ ಅಂದಾಜನ್ನು ಇಲ್ಲಿಗೆ ಅನ್ವಯಿಸಿದರೆ ಅಗತ್ಯವಿರುವವರ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತದೆ.

ಅಳತೆಯ ಶಾಸ್ತ್ರ

ದರ್ಜಿಯ ಟೇಪು ಇಲ್ಲಿಯೂ ಮೊದಲ ಉಪಕರಣ. ಮುಖ್ಯವಾಗಿ ನಾಲ್ಕು ಅಳತೆಗಳು ಬೇಕು. ಸೊಂಟದ ಅಗಲ ಆಸನದ ಅಗಲವನ್ನು ನಿರ್ಧರಿಸುತ್ತದೆ. ಆಸನ ಅಗಲವಾದರೆ ವ್ಯಕ್ತಿ ಒಂದು ಬದಿಗೆ ವಾಲುತ್ತಾನೆ. ವರ್ಷಗಳು ಕಳೆದಂತೆ ಬೆನ್ನುಮೂಳೆ ಡೊಂಕಾಗುವ ಸಂಭವವಿದೆ. ತೊಡೆಯ ಉದ್ದ ಆಸನದ ಆಳವನ್ನು ನಿರ್ಧರಿಸುತ್ತದೆ. ಆಸನದ ಅಂಚು ಮತ್ತು ಮಂಡಿಯ ಹಿಂಭಾಗದ ನಡುವೆ ಎರಡು ಬೆರಳಿನಷ್ಟಾದರೂ ಅಂತರ ಇರಬೇಕು. ಆಳ ಹೆಚ್ಚಾದರೆ ವ್ಯಕ್ತಿ ಮುಂದಕ್ಕೆ ಜಾರಿ ಬೆನ್ನಿನ ಮೇಲೆ ಕೂರುವಂತಾಗುತ್ತದೆ. ಮಂಡಿಯಿಂದ ಹಿಮ್ಮಡಿಯವರೆಗಿನ ಉದ್ದ ಪಾದಪೀಠದ ಎತ್ತರಕ್ಕೆ ಆಧಾರ. ಪಕ್ಕೆಲುಬಿನ ಕೆಳಅಂಚು ಅಥವಾ ಹೆಗಲ ಮೂಳೆಯವರೆಗಿನ ಎತ್ತರ ಬೆನ್ನೊರಗಿಗೆ ಆಧಾರ.

ಹಿಂಬದಿ ಚಕ್ರದ ಅಚ್ಚು ಎಲ್ಲಿರಬೇಕು ಎಂಬುದೂ ಮುಖ್ಯ. ಅಚ್ಚನ್ನು ತುಸು ಮುಂದಕ್ಕೆ ಸರಿಸಿದರೆ ಕೈಯಿಂದ ತಳ್ಳುವುದು ಹಗುರವಾಗುತ್ತದೆ, ಆದರೆ ಹಿಂದಕ್ಕೆ ಮಗುಚುವ ಅಪಾಯ ಹೆಚ್ಚುತ್ತದೆ. ಹಿಂದಕ್ಕೆ ಸರಿಸಿದರೆ ಭದ್ರತೆ ಹೆಚ್ಚು, ಶ್ರಮವೂ ಹೆಚ್ಚು. ಯಾರಿಗೆ ಯಾವುದು ಎಂಬುದನ್ನು ತಜ್ಞರು ಬಳಕೆದಾರರನ್ನು ಕೂರಿಸಿ ನೋಡಿಯೇ ತೀರ್ಮಾನಿಸುತ್ತಾರೆ.

ಗಾಯದ ಬೆಲೆ

ತಪ್ಪು ಅಳತೆಯ ಕುರ್ಚಿ ಕೇವಲ ಅನನುಕೂಲವಲ್ಲ, ಅದು ಪ್ರಾಣಾಪಾಯ. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇರದಿರಬಹುದು. ಆರೋಗ್ಯವಂತರು ಕುಳಿತಲ್ಲಿಯೇ ಅರಿವಿಲ್ಲದಂತೆ ಮಗ್ಗುಲು ಬದಲಿಸುತ್ತಾರೆ. ಇವರಿಗೆ ಆ ಸೂಚನೆ ಸಿಗುವುದಿಲ್ಲ. ಕುಳಿತುಕೊಳ್ಳುವ ಎರಡು ಮೂಳೆಗಳ ಕೆಳಗೆ ರಕ್ತಸಂಚಾರ ನಿಂತು ಚರ್ಮ ಕೆಂಪಾಗುತ್ತದೆ, ಬಳಿಕ ಒಡೆಯುತ್ತದೆ, ಹುಣ್ಣು ಮೂಳೆಯವರೆಗೆ ಇಳಿಯಬಹುದು, ಸೋಂಕು ರಕ್ತಕ್ಕೆ ಸೇರಿದರೆ ಸಾವು ಸಂಭವಿಸಬಹುದು. ಜೋಲುವ ರೆಕ್ಸಿನ್ ಆಸನದ ಮೇಲೆ ಮೆತ್ತೆಯಿಲ್ಲದೆ ದಿನವಿಡೀ ಕೂರುವುದು ಈ ಹುಣ್ಣಿಗೆ ಸುಲಭವಾದ ದಾರಿ.

ಇದನ್ನು ತಡೆಯುವ ವಿಧಾನ ದುಬಾರಿಯೇನೂ ಅಲ್ಲ. ಗಟ್ಟಿ ತಳದ ಮೇಲೆ ದೇಹದ ಆಕಾರಕ್ಕೆ ಕೊರೆದ ಫೋಮ್ ಮೆತ್ತೆ, ಸರಿಯಾದ ಎತ್ತರದ ಪಾದಪೀಠ, ಆಗಾಗ್ಗೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ ಭಾರ ಇಳಿಸುವ ಅಭ್ಯಾಸ ಮತ್ತು ಪ್ರತಿದಿನ ಕನ್ನಡಿಯಲ್ಲಿ ಚರ್ಮದ ಪರೀಕ್ಷೆ ಸಾಕು. ತಜ್ಞರು ಮೆತ್ತೆಯ ಮೇಲೆ ಕುಳಿತವರ ಮೂಳೆಯ ಕೆಳಗೆ ಬೆರಳಿಟ್ಟು ಒತ್ತಡವನ್ನು ಅಂದಾಜು ಮಾಡುತ್ತಾರೆ. ಮೆತ್ತೆಗೆ ತಗಲುವ ವೆಚ್ಚವನ್ನೂ ಆಳವಾದ ಹುಣ್ಣಿಗಾಗಿ ತಿಂಗಳುಗಟ್ಟಲೆ ನಡೆಯುವ ಆಸ್ಪತ್ರೆ ವಾಸದ ವೆಚ್ಚವನ್ನೂ ಪಕ್ಕಪಕ್ಕ ಬರೆದು ನೋಡುವ ವರ್ತಕರಿಗೆ ಹೆಚ್ಚಿನ ವಿವರಣೆ ಬೇಕಾಗದು.

ನೆಲ ಮತ್ತು ಕಸುಬು

ಆಸ್ಪತ್ರೆಯ ನುಣುಪು ನೆಲಕ್ಕಾಗಿ ಮಾಡಿದ, ಮುಂಗಾಲಿ ಚಿಕ್ಕದಾದ ಕುರ್ಚಿ ಮಾಗಡಿಯ ಕಲ್ಲುದಾರಿಯಲ್ಲಾಗಲಿ ಕನಕಪುರದ ಹೊಲದ ಬದಿಯಲ್ಲಾಗಲಿ ಹೂತು ನಿಲ್ಲುತ್ತದೆ. ಇಂತಹ ನೆಲಕ್ಕೆ ದೊಡ್ಡ ಹಾಗೂ ಅಗಲವಾದ ಮುಂಗಾಲಿ, ಉದ್ದನೆಯ ಚಕ್ರಾಂತರ ಬೇಕು. ಆದಕಾರಣ ಮುಂದೆ ಒಂದೇ ಗಾಲಿಯಿರುವ ಮೂರು ಚಕ್ರದ ವಿನ್ಯಾಸಗಳೂ ರೂಢಿಯಲ್ಲಿವೆ. ಮನೆಯ ಹೊಸ್ತಿಲು, ಜಗಲಿಯ ಮೆಟ್ಟಿಲು, ಶೌಚಾಲಯದ ಬಾಗಿಲಿನ ಅಗಲ ಇವನ್ನೂ ಅಳೆಯದೆ ಕುರ್ಚಿ ಸೂಚಿಸುವಂತಿಲ್ಲ.

ಕಸುಬಿನ ಪ್ರಶ್ನೆ ಇನ್ನೂ ಮುಖ್ಯ. ಉದಾಹರಣೆಗೆ ತೆಂಗಿನ ಮರದಿಂದ ಬಿದ್ದು ಕಾಲುಗಳ ಶಕ್ತಿ ಕಳೆದುಕೊಂಡ, ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯೊಬ್ಬರನ್ನು ಭಾವಿಸಬಹುದು. ಅವರ ಕೈಗಳ ಕೌಶಲ ಹಾಗೆಯೇ ಉಳಿದಿದೆ. ಆದರೆ ಲೇತಿನ ಮುಂದೆ ಎರಡೂ ಕೈ ಬಿಟ್ಟು ಉಳಿ ಹಿಡಿಯಬೇಕಾದರೆ ಸೊಂಟ ಭದ್ರವಾಗಿರಬೇಕು, ಪಕ್ಕದ ಆಧಾರ ಇರಬೇಕು, ಕೈದಿಂಬು ಲೇತಿನ ಮೇಜಿಗೆ ತಾಗದಂತೆ ಕಳಚುವಂತಿರಬೇಕು, ಲೇತಿನ ಎತ್ತರವೂ ಕುರ್ಚಿಗೆ ಹೊಂದಬೇಕು. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ದುಡಿಯುತ್ತಿದ್ದವರಿಗೂ, ಅಂಗಡಿಯ ಗಲ್ಲಾದ ಮುಂದೆ ಕೂರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಂದಿಕೊಂಡ ಕುರ್ಚಿ ಒಬ್ಬ ದುಡಿಯುವ ವ್ಯಕ್ತಿಯನ್ನು ಮಾರುಕಟ್ಟೆಗೆ ಮರಳಿಸುತ್ತದೆ. ಹೊಂದದ ಕುರ್ಚಿ ಅವರನ್ನೂ, ಅವರನ್ನು ನೋಡಿಕೊಳ್ಳುವ ಇನ್ನೊಬ್ಬರನ್ನೂ ಮನೆಯಲ್ಲಿ ಕಟ್ಟಿಹಾಕುತ್ತದೆ.

ಉದ್ದಿಮೆದಾರರಿಗೆ ಅವಕಾಶ

ಇಂತಹ ಸಾಧನಗಳಿಗೆ ದೂರದ ಕಾರ್ಖಾನೆಯನ್ನೇ ಎಲ್ಲಕ್ಕೂ ಅವಲಂಬಿಸಬೇಕಾಗಿಲ್ಲ. ಚೌಕಟ್ಟು ಹೊರಗಿನಿಂದ ಬಂದರೂ ಆಸನದ ಹಲಗೆ, ಆಕಾರಗೊಳಿಸಿದ ಮೆತ್ತೆ, ಪಕ್ಕದ ಆಧಾರ, ತೊಡೆಗಳ ನಡುವಿನ ಮರದ ಗುಬ್ಬಿ, ಊಟದ ತಟ್ಟೆ, ಪಾದಪೀಠ ಮತ್ತು ಬಿಡಿಭಾಗಗಳನ್ನು ಸ್ಥಳೀಯವಾಗಿ ತಯಾರಿಸಬಹುದು. ಚನ್ನಪಟ್ಟಣದ ಮರಗೆಲಸ, ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಲೋಹಗೆಲಸ ಇದಕ್ಕೆ ಸಮರ್ಥ. ತಜ್ಞರು ಬರೆದುಕೊಟ್ಟ ಅಳತೆಪಟ್ಟಿಯೇ ಇಲ್ಲಿ ಕಾರ್ಯಾದೇಶ. ಒಂದೇ ನಮೂನೆಯ ಸಾವಿರ ತುಂಡುಗಳಿಗಿಂತ ನೂರು ಬಗೆಯ ಒಂದೊಂದು ತುಂಡು ಮಾಡಬಲ್ಲ ಸಣ್ಣ ಘಟಕಕ್ಕೆ ಈ ಕೆಲಸ ಹೇಳಿಮಾಡಿಸಿದಂತಿದೆ.

ತೆರಿಗೆಯ ವಿಷಯದಲ್ಲಿ ಮೂರು ಅಂಶಗಳು ಗಮನಾರ್ಹ. ಒಂದು, ಶೀರ್ಷಿಕೆ 8713ರ ಗಾಲಿಕುರ್ಚಿಗಳಿಗೆ ಸರಕು ಮತ್ತು ಸೇವಾ ತೆರಿಗೆ ಶೇ. 5. ಬಿಡಿಭಾಗಗಳ ಮೇಲಿನ ತೆರಿಗೆಯನ್ನು 2018ರ ಡಿಸೆಂಬರ್ ಸಭೆಯಲ್ಲಿ ಜಿಎಸ್‌ಟಿ ಮಂಡಳಿ ಶೇ. 28ರಿಂದ ಶೇ. 5ಕ್ಕೆ ಇಳಿಸಿತು. ಎರಡು, ಉಕ್ಕಿನ ಕೊಳವೆಯಂತಹ ಕಚ್ಚಾವಸ್ತುಗಳ ಮೇಲೆ ಶೇ. 18 ತೆರಿಗೆ ಇರುವುದರಿಂದ ತಯಾರಕರಲ್ಲಿ ಹೂಡುವಳಿ ತೆರಿಗೆ ಜಮೆ ಉಳಿದುಬಿಡುತ್ತದೆ. ಲೆಕ್ಕದ ಅನುಕೂಲಕ್ಕಾಗಿ ರೂ. 6,000 ಮೌಲ್ಯದ ಕಚ್ಚಾವಸ್ತುವಿಗೆ ರೂ. 1,080 ತೆರಿಗೆ ತೆತ್ತು, ರೂ. 10,000 ಬೆಲೆಯ ಕುರ್ಚಿಗೆ ರೂ. 500 ತೆರಿಗೆ ಸಂಗ್ರಹಿಸಿದರೆ ರೂ. 580 ಉಳಿಯುತ್ತದೆ. ಇದನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೇ ಕಲಮಿನಡಿ ಎರಡು ವರ್ಷದ ಅವಧಿಯೊಳಗೆ ಮರುಪಾವತಿಯಾಗಿ ಕೇಳಬಹುದು. ಯಂತ್ರೋಪಕರಣಗಳ ಮೇಲಿನ ಜಮೆಗೆ ಈ ಸೌಲಭ್ಯ ಅನ್ವಯಿಸದು. ಮೂರು, ಮೆತ್ತೆಯನ್ನು ಪ್ರತ್ಯೇಕವಾಗಿ ಮಾರುವುದಾದರೆ ಅದರ ಶೀರ್ಷಿಕೆಯನ್ನು ಬಿಲ್ಲು ಬರೆಯುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಇದಲ್ಲದೆ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ನಿಯಂತ್ರಣಕ್ಕೆ ಒಳಪಟ್ಟಿವೆ. ಕಡಿಮೆ ಅಪಾಯದ ‘ಎ’ ವರ್ಗದಲ್ಲಿ ಕ್ರಿಮಿಶುದ್ಧೀಕರಣ ಹಾಗೂ ಮಾಪನ ಇಲ್ಲದ ಸಾಧನಗಳಿಗೆ 2022ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆತರೂ ಆನ್‌ಲೈನ್ ನೋಂದಣಿ ಅಗತ್ಯ. ಕುರ್ಚಿಯ ಬಲ ಹಾಗೂ ಸ್ಥಿರತೆಯ ಪರೀಕ್ಷೆಗೆ ಐಎಸ್ಒ 7176 ಸರಣಿಯ ಮಾನದಂಡಗಳಿವೆ.

ದಾನಿಗಳು ಗಮನಿಸಬೇಕಾದುದು

ಉಚಿತವಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ದಾನದ ಕಡಿತವೂ ಇಲ್ಲ. ಆದ್ದರಿಂದ ಕುರ್ಚಿ ಖರೀದಿಸಿ ಹಂಚುವುದಕ್ಕಿಂತ, ಅಳತೆ ಮತ್ತು ಹೊಂದಾಣಿಕೆ ಮಾಡಬಲ್ಲ ಮಾನ್ಯತೆ ಪಡೆದ ಸಂಸ್ಥೆಗೆ ಚೆಕ್ ಮೂಲಕ ಹಣ ನೀಡುವುದು ತೆರಿಗೆಯ ದೃಷ್ಟಿಯಿಂದಲೂ ಹಿತಕರ; ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಕಡಿತ ದೊರೆಯುವ ಸಾಧ್ಯತೆ ಅಲ್ಲಿದೆ.

ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿಯಿದೆ. ತಜ್ಞರ ಶುಲ್ಕವನ್ನು ಈ ಮಿತಿಯೊಳಗೆ ಸೇರಿಸಬೇಕೆಂಬ ಭಯದಿಂದ ಅದನ್ನು ಕೈಬಿಡುವುದುಂಟು. ಆದರೆ ನಿರ್ದಿಷ್ಟ ಯೋಜನೆಯ ರೂಪಣೆ, ಅನುಷ್ಠಾನ ಮತ್ತು ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ವೆಚ್ಚ ನಿಯಮಗಳ ಪ್ರಕಾರ ಆಡಳಿತ ವೆಚ್ಚವಲ್ಲ. ಅಳತೆ, ತರಬೇತಿ, ಮರುಭೇಟಿ ಇವೆಲ್ಲ ಯೋಜನೆಯ ಅಂಗಗಳೇ.

ಮುಂದಿನ ಕಾರ್ಯಕ್ರಮಕ್ಕೆ ಮುನ್ನ ಸಂಘಗಳು ಕೆಳಗಿನ ಅಂಶಗಳನ್ನು ಪರಿಶೀಲಿಸಬಹುದು:

1. ಫಲಾನುಭವಿಯನ್ನು ತಜ್ಞರು ಪರೀಕ್ಷಿಸಿ ಅಳತೆಪಟ್ಟಿ ಬರೆದಿರುವರೇ?
2. ಕನಿಷ್ಠ ಮೂರು ನಾಲ್ಕು ಗಾತ್ರಗಳಲ್ಲಿ, ಮಕ್ಕಳ ಗಾತ್ರವೂ ಸೇರಿ, ಕುರ್ಚಿಗಳಿವೆಯೇ?
3. ಪ್ರತಿ ಕುರ್ಚಿಯೊಂದಿಗೆ ಸೂಕ್ತ ಮೆತ್ತೆ ಇದೆಯೇ?
4. ಬಳಸುವವರಿಗೂ ಮನೆಯವರಿಗೂ ತರಬೇತಿಗೆ ಸಮಯ ಮೀಸಲಿದೆಯೇ?
5. ಮೂರು ಹಾಗೂ ಆರು ತಿಂಗಳ ನಂತರದ ಭೇಟಿಗೆ ಮತ್ತು ದುರಸ್ತಿಗೆ ಹಣ ತೆಗೆದಿರಿಸಲಾಗಿದೆಯೇ?

ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಫಲಾನುಭವಿಗಳನ್ನು ಗುರುತಿಸಲು ಹಾಗೂ ಮರುಭೇಟಿಗೆ ನೆರವಾಗಬಲ್ಲರು. ಸ್ಥಳೀಯ ಸೈಕಲ್ ದುರಸ್ತಿ ಅಂಗಡಿಯವರಿಗೆ ಒಂದು ದಿನದ ತರಬೇತಿ ಕೊಡಿಸಿದರೂ ಚಕ್ರದ ಕಡ್ಡಿ, ಬೇರಿಂಗ್, ಬ್ರೇಕುಗಳ ಸಮಸ್ಯೆ ಊರಿನಲ್ಲಿಯೇ ಬಗೆಹರಿಯುತ್ತದೆ.

ಕೊನೆಯದಾಗಿ ವರ್ತಕರು ತಮ್ಮ ಅಂಗಡಿಯ ಬಾಗಿಲನ್ನೂ ನೋಡಿಕೊಳ್ಳಬೇಕು. ಇಳಿಜಾರಿನ ಪ್ರಮಾಣ 1:12 ಇರಬೇಕೆಂಬುದು ಅಂಗೀಕೃತ ಮಾನದಂಡ. ಅಂದರೆ ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ವಿಧಿಸಿದೆ. ಅಳತೆಗೆ ತಕ್ಕ ಕುರ್ಚಿಯಲ್ಲಿ ಕುಳಿತು ಪೇಟೆಗೆ ಬರುವ ವ್ಯಕ್ತಿ ಗ್ರಾಹಕನಾಗಿಯೋ, ಕೆಲಸಗಾರನಾಗಿಯೋ, ಪಾಲುದಾರನಾಗಿಯೋ ಬರುತ್ತಾನೆ. ಅಂಗಡಿಯ ಮುಂದಿನ ಮೆಟ್ಟಿಲು ಅವನನ್ನು ಹಿಂದಕ್ಕೆ ಕಳುಹಿಸದಂತೆ ನೋಡಿಕೊಳ್ಳುವುದು ವರ್ತಕರ ಕೈಯಲ್ಲಿಯೇ ಇದೆ.