ಲಿಂಗ ಪರಿವರ್ತನೆ: ರಜೆಯ ಲೆಕ್ಕ, ದಾಖಲೆಯ ಲೆಕ್ಕ

ಅಮೆರಿಕದ ಗಣಕಯಂತ್ರ ತಜ್ಞೆ ಲಿನ್ ಕಾನ್ವೆ 1968ರಲ್ಲಿ ಐಬಿಎಂ ಸಂಸ್ಥೆಯಿಂದ ವಜಾಗೊಂಡರು. ಹುಟ್ಟಿನ ದಾಖಲೆಯಲ್ಲಿ ಗಂಡಾಗಿದ್ದ ಅವರು ಹೆಣ್ಣಾಗಿ ಬಾಳಲು ನಿಶ್ಚಯಿಸಿದ್ದೇ ಅದಕ್ಕೆ ಕಾರಣ. ಹೊಸ ಹೆಸರು ತಳೆದು, ಹಿಂದಿನ ಸಾಧನೆಯ ಮಾತೆತ್ತದೆ, ಗುತ್ತಿಗೆಯ ಪ್ರೋಗ್ರಾಮರ್ ಆಗಿ ಕೆಳಗಿನ ಮೆಟ್ಟಿಲಿನಿಂದ ಅವರು ಮತ್ತೆ ಹತ್ತಬೇಕಾಯಿತು. ಸಿಲಿಕಾನ್ ಚಿಪ್ಪುಗಳ ವಿನ್ಯಾಸವನ್ನು ಕುರಿತು ಕಾರ್ವರ್ ಮೀಡ್ ಅವರೊಡನೆ ಬರೆದ 1980ರ ಪಠ್ಯಪುಸ್ತಕ ಅವರಿಗೆ ಕೀರ್ತಿ ತಂದಿತು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, ಐವತ್ತೆರಡು ವರ್ಷಗಳ ಬಳಿಕ.

ಅದೇ ದೇಶದ ಅರ್ಥಶಾಸ್ತ್ರಜ್ಞೆ ಡೀರ್ಡ್ರ ಮೆಕ್ಲಾಸ್ಕಿ ಅವರ ಕತೆ ಬೇರೆ. 1995ರಲ್ಲಿ ತಮ್ಮ ನಿರ್ಧಾರವನ್ನು ಬಹಿರಂಗಪಡಿಸಿದಾಗ ಅವರಿಗೆ ಐವತ್ತಮೂರು ವರ್ಷ. ಅಯೋವಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ. ಮರುವರ್ಷವನ್ನು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕಳೆದು, ಹೊಸ ಹೆಸರಿನೊಡನೆ ಹಳೆಯ ಹುದ್ದೆಗೆ ಮರಳಿದರು. ಕುಟುಂಬದಲ್ಲಿ ಅವರು ಕಳೆದುಕೊಂಡದ್ದು ಕಡಿಮೆಯೇನಲ್ಲ. ಆದರೆ ಹಿಂದಿರುಗಿ ಕುಳಿತುಕೊಳ್ಳಲು ಒಂದು ಕುರ್ಚಿ ಉಳಿದಿತ್ತು. ಕಾನ್ವೆ ಅವರಿಗೆ ಅದಿರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಇಂದು ಎದುರಾಗುವುದೂ ಇದೇ ರೂಪದಲ್ಲಿ. ಜೋಗಪ್ಪಂದಿರ, ಹಿಜ್ರಾಗಳ ಪರಂಪರೆ ನಮಗೆ ಹೊಸತಲ್ಲ. ಆ ದಾರಿ ಹಿಡಿದವರು ಸಾಮಾನ್ಯವಾಗಿ ಮನೆಯನ್ನೂ ಕಸುಬನ್ನೂ ಒಟ್ಟಿಗೇ ತೊರೆಯಬೇಕಾಗುತ್ತಿತ್ತು. ಈಗ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಬೆಂಗಳೂರಿನ ಕಂಪನಿಯಲ್ಲಿ ಸಂಬಳ ಎಣಿಸುವ ವ್ಯಕ್ತಿ ಕೇಳುವುದು ಬೇರೆ: ಕೆಲವು ಕಾಲ ಬಿಡುವು ಪಡೆದು, ಪರಿವರ್ತನೆ ಮುಗಿಸಿ, ಇದೇ ವೃತ್ತಿಗೆ ಮರಳಬಹುದೇ? ಮರಳಬಹುದು. ಆದರೆ ಆ ಬಿಡುವಿನ ಯೋಜನೆ ಆಸ್ಪತ್ರೆಯ ದಿನಾಂಕದಿಂದ ಆರಂಭವಾದರೆ ಎಡವುವ ಸಂಭವವೇ ಹೆಚ್ಚು.

ದೇಹಕ್ಕೆ ಬೇಕಾದ ಬಿಡುವು ಜನರು ಊಹಿಸುವಷ್ಟು ದೀರ್ಘವಲ್ಲ. ಹಾರ್ಮೋನು ಚಿಕಿತ್ಸೆಯ ಫಲ ನಿಧಾನವಾಗಿ, ವರ್ಷಗಳ ಅವಧಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿ ಕೆಲಸ ಬಿಡಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕದ ವಿಶ್ರಾಂತಿ ಅದರ ಸ್ವರೂಪವನ್ನು ಅವಲಂಬಿಸಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ. ತಿಂಗಳುಗಟ್ಟಲೆ ಎಳೆಯುವುದು ಕಾಗದಪತ್ರ.

2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರ ಕಾಯ್ದೆ ಆ ಹಕ್ಕಿಗೆ ಕಚೇರಿಯ ದಾರಿ ತೋರಿಸಿತು. ಅದರಂತೆ ಪ್ರಮಾಣಪತ್ರ ಎರಡು ಬಗೆಯದು. ಮೊದಲನೆಯದನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಅರ್ಜಿದಾರರ ಪ್ರಮಾಣಿತ ಹೇಳಿಕೆಯ ಆಧಾರದಲ್ಲಿ, ವೈದ್ಯಕೀಯ ತಪಾಸಣೆಯಿಲ್ಲದೆ, ಮೂವತ್ತು ದಿನಗಳೊಳಗೆ ನೀಡಬೇಕೆಂದು 2020ರ ನಿಯಮಾವಳಿ ಹೇಳಿತ್ತು. ಅದರಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದಿರುತ್ತದೆ. ಗಂಡು ಅಥವಾ ಹೆಣ್ಣು ಎಂದು ನಮೂದಾಗಬೇಕಾದರೆ ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪತ್ರೆಯ ಪತ್ರದೊಡನೆ ಎರಡನೆಯ ಅರ್ಜಿ ಸಲ್ಲಿಸಬೇಕು. ಹೀಗಾಗಿ ಅವಸರಪಟ್ಟವರು ಆಧಾರ್, ಪ್ಯಾನ್, ಪಾಸ್‌ಪೋರ್ಟುಗಳನ್ನು ಎರಡೆರಡು ಬಾರಿ ತಿದ್ದಿಸುವ ಪ್ರಸಂಗ ಬರುತ್ತದೆ. ಗುರುತನ್ನು ಸ್ವಂತ ಮಾತಿನಿಂದಲೇ ನಿರ್ಧರಿಸಬಹುದೆಂದ ತೀರ್ಪಿನ ಮುಂದೆ ಈ ಎರಡು ಮೆಟ್ಟಿಲಿನ ಏರ್ಪಾಡು ಕುಗ್ಗಿದಂತೆ ಕಾಣುವುದು ಸಹಜ. ಆದರೂ 2019ರ ಕಾಯ್ದೆ ತೋರಿಸಿದ ದಾರಿ ಅದೇ ಆಗಿತ್ತು.

ಇಲ್ಲಿಯೇ ಬಹಳ ಮಂದಿಯ ಕಣ್ಣಿಗೆ ಬೀಳದ ಒಂದು ಷರತ್ತಿದೆ. 2020ರ ನಿಯಮಾವಳಿಯಂತೆ, ಅರ್ಜಿ ಸಲ್ಲಿಸುವ ದಿನಕ್ಕೆ ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಹನ್ನೆರಡು ತಿಂಗಳು ವಾಸವಾಗಿರಬೇಕು. ಬೆಂಗಳೂರಿನಲ್ಲಿ ಆರು ವರ್ಷ ದುಡಿದು, ರಾಜೀನಾಮೆ ಕೊಟ್ಟು, ಕಾಸರಗೋಡಿನ ತಾಯಿಮನೆಗೆ ಮರಳಿದವರು ಮರುವಾರವೇ ವಿದ್ಯಾನಗರದ ಕಲೆಕ್ಟರರ ಕಚೇರಿಗೆ ಅರ್ಜಿ ಹಾಕಿದರೆ ವಾಸದ ಪ್ರಶ್ನೆ ಏಳುತ್ತದೆ. ಅತ್ತ ಬೆಂಗಳೂರಿನ ಬಾಡಿಗೆ ಕರಾರು ಮುಗಿದಿರುತ್ತದೆ. ಎರಡು ಊರುಗಳ ನಡುವೆ, ಎರಡರಲ್ಲಿಯೂ ಸಲ್ಲದೆ, ಬಿಡುವಿನ ವರ್ಷವೇ ಕಳೆದುಹೋಗಬಹುದು. ಆದ್ದರಿಂದ ಊರು ಬಿಡುವ ಮೊದಲೇ, ವಾಸದ ದಾಖಲೆ ಗಟ್ಟಿಯಿರುವ ಕಡೆ ಮೊದಲ ಪ್ರಮಾಣಪತ್ರ ಪಡೆಯುವುದು ಜಾಣತನ.

ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವರ ಎಸ್ಸೆಸ್ಸೆಲ್ಸಿ ಪತ್ರ ತಿರುವನಂತಪುರದ ಪರೀಕ್ಷಾ ಭವನದ್ದು. ಪದವಿ ಮಂಗಳೂರು ವಿಶ್ವವಿದ್ಯಾಲಯದ್ದಿರಬಹುದು. ಭವಿಷ್ಯನಿಧಿಯ ಖಾತೆ ಕರ್ನಾಟಕದ ಮಾಲಿಕರ ಮೂಲಕ ತೆರೆದದ್ದು. ಮಲೆಯಾಳದಲ್ಲಿ ಒಂದು ಅರ್ಜಿ, ಕನ್ನಡದಲ್ಲಿ ಇನ್ನೊಂದು. ತಿದ್ದಿದ ದಾಖಲೆ ಹಳೆಯ ಕ್ರಮಸಂಖ್ಯೆಯನ್ನೇ ಹೊತ್ತಿರಬೇಕೆಂದು ನಿಯಮವಿರುವುದು ದೊಡ್ಡ ಆಸರೆ. ಹೆಸರು ಬದಲಾದರೂ ವ್ಯಕ್ತಿ ಒಬ್ಬರೇ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಖಾಸಗಿ ಸಂಸ್ಥೆ ಕೊಡುವ ಅನುಭವ ಪತ್ರ ನಿಯಮಾವಳಿಯ ದಾಖಲೆಪಟ್ಟಿಯಲ್ಲಿಲ್ಲ. ಅದನ್ನು ಹೊಸ ಹೆಸರಿನಲ್ಲಿ ಬರೆಸಿಕೊಳ್ಳುವುದು ಹಳೆಯ ಕಚೇರಿಯ ಸೌಜನ್ಯವನ್ನು ನಂಬಿದ ಕೆಲಸ. ಸಂದರ್ಶನದಲ್ಲಿ ಮೊದಲು ಮೇಜಿನ ಮೇಲೆ ಬರುವ ಕಾಗದವೂ ಅದೇ.

ರಾಜೀನಾಮೆಯೋ ರಜೆಯೋ ಎಂಬ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ. ಮುಜುಗರ ತಪ್ಪಿಸಿಕೊಳ್ಳಲು ರಾಜೀನಾಮೆಯೇ ಸುಲಭವೆಂದು ತೋರುವುದುಂಟು. ರಾಜೀನಾಮೆಯೊಡನೆ ಸಂಸ್ಥೆಯ ಗುಂಪು ಆರೋಗ್ಯ ವಿಮೆ ನಿಲ್ಲುತ್ತದೆ, ಅದೂ ಆಸ್ಪತ್ರೆಯ ಖರ್ಚು ಎದುರಿರುವ ಹೊತ್ತಿನಲ್ಲಿ. ಗ್ರಾಚ್ಯುಟಿಗೆ ಬೇಕಾದ ಸೇವೆಯ ನಿರಂತರತೆ ಕಡಿಯುತ್ತದೆ. ಮಂಜೂರಾದ ರಜೆ, ಸಂಬಳವಿಲ್ಲದ್ದಾದರೂ, ಆ ನಿರಂತರತೆಯನ್ನು ಕಾಯುತ್ತದೆ. ಕಾಯ್ದೆಯ 9ನೆಯ ಕಲಂ ಉದ್ಯೋಗ, ನೇಮಕಾತಿ, ಬಡ್ತಿಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. 11ನೆಯ ಕಲಂ ದೂರು ಆಲಿಸುವ ಅಧಿಕಾರಿಯನ್ನು ಪ್ರತಿ ಸಂಸ್ಥೆಯೂ ನೇಮಿಸಬೇಕೆನ್ನುತ್ತದೆ. ನೌಕರಿಯಲ್ಲಿ ಉಳಿದವರಿಗೆ ಈ ಕಲಂಗಳು ಕೈಗೆಟಕುತ್ತವೆ; ತಾವಾಗಿ ಬಿಟ್ಟುಹೋದವರಿಗೆ ವಾದ ಕಟ್ಟುವುದೇ ಕಷ್ಟ.

ರಜೆಯೂ ಯಾವಾಗಲೂ ಕಾಯಲಿಲ್ಲವೆಂಬುದು ನಿಜ. ರಜೆಯಲ್ಲಿದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾವಿಕರೊಬ್ಬರನ್ನು ಭಾರತೀಯ ನೌಕಾಪಡೆ 2017ರ ಅಕ್ಟೋಬರಿನಲ್ಲಿ ಸೇವೆಯಿಂದ ಬಿಡುಗಡೆಗೊಳಿಸಿತು. ಅದು ಕಾಯ್ದೆ ಬರುವ ಮುಂಚಿನ ಮಾತು. ಸೇನೆಯ ಶಿಸ್ತೂ ಬೇರೆ.

2025ರ ಅಕ್ಟೋಬರ್ 17ರಂದು ಜೇನ್ ಕೌಶಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಈ ವಿಷಯದಲ್ಲಿ ಬಹುಮುಖ್ಯವಾದುದು. ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆಯಲ್ಲಿ ಸೇರಿದ ಕೆಲವೇ ದಿನಗಳಲ್ಲಿ ಕೆಲಸ ಕಳೆದುಕೊಂಡ ಈ ಶಿಕ್ಷಕಿಗೆ ಗುಜರಾತಿನ ಇನ್ನೊಂದು ಶಾಲೆ ನೇಮಕದ ಮಾತು ಕೊಟ್ಟು, ಗುರುತು ತಿಳಿದ ಮೇಲೆ ಹಿಂತೆಗೆದುಕೊಂಡಿತ್ತು. ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಪರಿಹಾರ ಕೊಡಿಸಿದ್ದಲ್ಲದೆ, ಸರ್ಕಾರಗಳ ಆಲಸ್ಯವನ್ನೂ ಖಂಡಿಸಿತು. ಲಿಂಗತ್ವವನ್ನೇ ಆಧರಿಸಿದ ಕೆಲಸವಲ್ಲದಿದ್ದರೆ ಶಸ್ತ್ರಚಿಕಿತ್ಸೆಗೆ ಮಾಲಿಕರ ಅನುಮತಿ ಪಡೆಯಬೇಕಾಗಿಲ್ಲವೆಂದೂ ಸ್ಪಷ್ಟಪಡಿಸಿತು. ಅನುಮತಿ ಬೇಡವೆಂದರೆ ತಿಳಿಸುವುದೂ ಬೇಡವೆಂದಲ್ಲ. ರಜೆಯ ಅರ್ಜಿ ಬರೆಯಲೇಬೇಕು, ಅದರಲ್ಲಿ ಎಷ್ಟು ಹೇಳಬೇಕೆಂಬುದನ್ನು ಮೊದಲೇ ಯೋಚಿಸಿಕೊಂಡಿರಬೇಕು.

ಎಷ್ಟು ದಿನದ ರಜೆ, ಸಂಬಳ ಸಹಿತವೋ ರಹಿತವೋ ಎಂಬುದನ್ನು 2019ರ ಕಾಯ್ದೆ ಹೇಳುವುದಿಲ್ಲ. ಸಮಾನ ಅವಕಾಶದ ನೀತಿಯೊಂದನ್ನು ರೂಪಿಸಲು ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದರ ಕರಡಿನಲ್ಲಿ ರಜೆಗೊಂದು ಕಲಂ ಇರುವುದೇ ಎಂದು 2025ರಲ್ಲಿ ಬಿಡುವಿನ ಲೆಕ್ಕ ಹಾಕುತ್ತಿದ್ದವರು ಕಾದು ನೋಡುತ್ತಿದ್ದರು.