ಕಲ್ಲಿಗೆ ತಿಥಿ, ಕಾಗದಕ್ಕೆ ತಾರೀಖು

ದಿನಪತ್ರಿಕೆಗಳ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದಡಿ ಅಚ್ಚಾಗುವ ಪುಟ್ಟ ಅಂಕಣಕ್ಕೆ ಬೇಕಾಗುವ ಸಾಮಗ್ರಿ ಎರಡೇ: ಒಂದು ತಾರೀಖು, ಅದಕ್ಕೆ ತಗಲಿಹಾಕಲು ಒಂದು ಘಟನೆ. ಘಟನೆಗಳಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಬರವಿಲ್ಲ. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳ ಬಂಡೆ ಮತ್ತು ಕಂಬಗಳ ಮೇಲೆ ಚಾಲುಕ್ಯರ ಕಾಲದ ಎರಡು ಶತಮಾನಗಳೇ ಅಕ್ಷರವಾಗಿ ಕುಳಿತಿವೆ. ತೊಡಕಿರುವುದು ತಾರೀಖಿನಲ್ಲಿ. ಈ ಶಾಸನಗಳನ್ನು ಬರೆಸಿದವರಲ್ಲಿ ಒಬ್ಬೊಬ್ಬರೂ ಕಾಲವನ್ನು ತಮಗೆ ತೋಚಿದ ಅಳತೆಗೋಲಿನಿಂದ ಅಳೆದಿರುವುದರಿಂದ, ಶಾಸನದ ‘ಕಾಲನಿರ್ದೇಶ’ವನ್ನು, ಅಂದರೆ ವರ್ಷ, ಮಾಸ, ತಿಥಿಗಳನ್ನು ಹೇಳುವ ಭಾಗವನ್ನು, ಓದಿದಾಗ ಘಟನೆ ಯಾವಾಗ ನಡೆಯಿತು ಎಂಬುದಕ್ಕಿಂತ ಬರೆಸಿದವನು ಎಂಥವನು ಎಂಬುದೇ ಮೊದಲು ತಿಳಿಯುತ್ತದೆ.

ಹಳೇ ಊರು, ವಿದ್ಯಾಗಿರಿ, ನವನಗರ ಎಂದು ಮೂರು ಪಾಲಾಗಿರುವ ಬಾಗಲಕೋಟೆಯಲ್ಲಿ ವಿದ್ಯಾಗಿರಿಯನ್ನು ನೆಲೆಯಾಗಿಸಿಕೊಂಡ ಪ್ರವಾಸಿಗೆ ಈ ನಾಲ್ಕೂ ಊರುಗಳು ಒಂದು ದಿನದ ಸುತ್ತಿಗೆ ಸಿಗುತ್ತವೆ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಿಂದ ಆ ಬಡಾವಣೆಯ ಹೆಸರು ಸಾರ್ಥಕವಾಗಿದ್ದು, ಅಲ್ಲಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವವನ ಟಿಪ್ಪಣಿ ಪುಸ್ತಕದಲ್ಲಿ ಒಂದೇ ತಾರೀಖು ಇರುತ್ತದೆಯಾದರೂ, ಅವನು ದಾರಿಯಲ್ಲಿ ಕಾಣುವ ಕಾಲಗಣನೆಗಳು ಐದಾರು ಬಗೆಯವು.

ಆ ಲೆಕ್ಕಗಳ ತಳಹದಿ ಪಂಚಾಂಗ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿಂದ ಅದಕ್ಕೆ ಆ ಹೆಸರು ಬಂದಿದ್ದರೂ, ಆರಂಭದ ಚಾಲುಕ್ಯ ಶಾಸನಗಳು ಐದನ್ನೂ ಹೇಳುವ ಗೋಜಿಗೆ ಹೋಗುವುದಿಲ್ಲ. ಶಕವರ್ಷ ಅಥವಾ ದೊರೆಯ ಆಳ್ವಿಕೆಯ ವರ್ಷ, ತಿಂಗಳು, ಹುಣ್ಣಿಮೆ ಅಥವಾ ಅಮಾವಾಸ್ಯೆ ಇಷ್ಟಾದರೆ ಅವುಗಳಿಗೆ ತೃಪ್ತಿ. ಕಳೆದುಹೋದ ಶಕವರ್ಷಕ್ಕೆ 78 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ಸಿಗುತ್ತದೆ. ಬಾದಾಮಿಯ ಕೋಟೆಯನ್ನು ಭದ್ರಪಡಿಸಿದ ಸಂಗತಿಯನ್ನು ಹೇಳುವ ಒಂದನೆಯ ಪುಲಕೇಶಿಯ ಬಂಡೆಶಾಸನದ ಶಕ 465 ಹೀಗೆ ಕ್ರಿ.ಶ. 543 ಆಗುತ್ತದೆ, ರಾಜಧಾನಿಯ ಮೊದಲ ದಾಖಲೆ ಅದೇ.

ಬಾದಾಮಿಯ ಮೂರನೆಯ ಗುಹೆ ಮಾತ್ರ ಅಂಕಣಕಾರನಿಗೆ ವರವಾಗಿ ಬಂದಂತಿದೆ. ವಿಷ್ಣುವಿಗೆ ಮೀಸಲಾದ ಈ ಗುಹೆಯನ್ನು ಮಂಗಳೇಶನು ತನ್ನ ಅಣ್ಣ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಶಕವರ್ಷ 500 ಕಳೆದ ಬಳಿಕ, ಕಾರ್ತಿಕ ಪೌರ್ಣಮಿಯಂದು ದೇವರಿಗೆ ಒಪ್ಪಿಸಿದನೆಂದು ಅಲ್ಲಿನ ಸಂಸ್ಕೃತ ಶಾಸನ ಹೇಳುತ್ತದೆ. ವರ್ಷ, ತಿಂಗಳು, ದಿನ ಮೂರೂ ಇವೆ. ಆ ಹುಣ್ಣಿಮೆಯನ್ನು ಇಂದಿನ ಗಣಿತದಿಂದ ಹಿಂದಕ್ಕೆ ಎಣಿಸಿದರೆ ಅದು 578ರ ಅಕ್ಟೋಬರ್ 31 ಮತ್ತು ನವೆಂಬರ್ 1ರ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ನವೆಂಬರ್ 1 ಎಂದೊಡನೆ 1956ರ ಏಕೀಕರಣ ನೆನಪಾಗುವುದೂ, ಕನ್ನಡ ನಾಡಿನ ಅತಿ ಸುಂದರ ಗುಹೆ ರಾಜ್ಯೋತ್ಸವದಂದೇ ಉದ್ಘಾಟನೆಗೊಂಡಿತ್ತೆಂದು ಭಾಷಣ ಮಾಡುವ ಆಸೆ ಹುಟ್ಟುವುದೂ ಸಹಜವೇ. ಆದರೆ ಈ ತಾರೀಖು ಜೂಲಿಯನ್ ಪಂಚಾಂಗದ್ದು. ಇಂದು ಗೋಡೆಯ ಮೇಲೆ ತೂಗುವ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದು ಹತ್ತು ದಿನಗಳನ್ನು ನುಂಗಿತು, ಇಂಗ್ಲೆಂಡಿನವರು 1752ರವರೆಗೂ ಹಟ ಹಿಡಿದು ಕಡೆಗೆ ಹನ್ನೊಂದು ದಿನ ಕಳೆದುಕೊಂಡರು. ಅದೇ ಕ್ಯಾಲೆಂಡರನ್ನು ಆರನೆಯ ಶತಮಾನಕ್ಕೆ ಹಿಂದಕ್ಕೆ ಎಳೆದರೆ ವ್ಯತ್ಯಾಸ ಎರಡು ದಿನ. ಮಂಗಳೇಶನ ಹುಣ್ಣಿಮೆ ರಾಜ್ಯೋತ್ಸವವನ್ನು ದಾಟಿ ಮುಂದೆ ಹೋಗಿಬಿಡುತ್ತದೆ, ಭಾಷಣವೂ ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ನಿರಾಶೆಪಡಬೇಕಾಗಿಲ್ಲ. ಆ ದಿನವನ್ನು ಈ ಸೀಮೆಯ ಜನ ಬೇರೆ ಹೆಸರಿನಲ್ಲಿ ಪ್ರತಿ ವರ್ಷವೂ ಆಚರಿಸುತ್ತ ಬಂದಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹನ್ನೆರಡು ಹುಣ್ಣಿಮೆಗಳಿಗೂ ಮನೆಮಾತಿನ ಹೆಸರುಗಳಿದ್ದು, ಜ್ಯೇಷ್ಠದ್ದು ಕಾರಹುಣ್ಣಿಮೆ, ಆಶ್ವೀಜದ್ದು ಶೀಗಿ ಹುಣ್ಣಿಮೆ, ಬಾದಾಮಿಯ ಬನಶಂಕರಿ ಜಾತ್ರೆ ನಡೆಯುವ ಪುಷ್ಯದ್ದು ಬನದ ಹುಣ್ಣಿಮೆ. ಕಾರ್ತಿಕದ್ದು ಗೌರಿ ಹುಣ್ಣಿಮೆ. ಸಕ್ಕರೆ ಆರತಿ ಹಿಡಿದು ಗೌರಿಯನ್ನು ಬೆಳಗುವ ಹೆಣ್ಣುಮಕ್ಕಳಿಗೆ ಅದು ಮೂರನೆಯ ಗುಹೆಯ ಹುಟ್ಟುಹಬ್ಬವೂ ಹೌದೆಂಬುದು ತಿಳಿದಿರಲಾರದು, ಆದರೆ ತಿಥಿಯನ್ನು ಅವರು ತಪ್ಪಿಸಿಲ್ಲ. ‘ಈ ದಿನ’ ಎಂಬ ಮಾತಿಗೆ ಜೂಲಿಯನ್, ಗ್ರೆಗೋರಿಯನ್ ಎರಡಕ್ಕಿಂತಲೂ ಗೌರಿ ಹುಣ್ಣಿಮೆಯೇ ಹೆಚ್ಚು ನಿಷ್ಠವಾಗಿದೆ.

ಇದೇ ಶಾಸನದಲ್ಲಿ ಪ್ರವಾಸಿಗಳಿಗೆ ಪ್ರಿಯವಾಗಬಹುದಾದ ಇನ್ನೊಂದು ಸಂಗತಿಯುಂಟು. ಗುಹೆಗೆ ಬಿಟ್ಟುಕೊಟ್ಟ ಹಳ್ಳಿಯ ಉತ್ಪನ್ನದಲ್ಲಿ ನಾರಾಯಣಬಲಿ ಮತ್ತು ಹದಿನಾರು ಮಂದಿ ಬ್ರಾಹ್ಮಣರ ಊಟ ಕಳೆದು ಉಳಿದದ್ದು ಪರಿವ್ರಾಜಕರಿಗೆ, ಅಂದರೆ ಒಂದೆಡೆ ನಿಲ್ಲದೆ ಸಂಚರಿಸುವ ಸನ್ಯಾಸಿಗಳಿಗೆ, ಸಲ್ಲಬೇಕೆಂದು ಅದು ವಿಧಿಸುತ್ತದೆ. ಪಕ್ಕದ ಚಿಕ್ಕ ಕನ್ನಡ ಶಾಸನ ಇದೇ ದಾನವನ್ನು ಹೇಳುವಾಗ ಗುಹಾಲಯವನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ‘ಶಿಲಾದೇವಾಲಯ’, ‘ಲಯನ’ ಮುಂತಾದ ಪಂಡಿತರ ಪದಗಳ ಮುಂದೆ ಈ ಮಾತಿನ ಚೆಲುವು ಎದ್ದು ಕಾಣುತ್ತದೆ, ಪ್ರವಾಸೋದ್ಯಮದ ಫಲಕಗಳು ಅದನ್ನು ಏಕೆ ಬಳಸುವುದಿಲ್ಲವೋ ತಿಳಿಯದು.

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಮಹಾಕೂಟದ ಕಂಬದ ಶಾಸನವೂ ಮಂಗಳೇಶನ ಕಾಲದ್ದೇ. ಅದು ಶಕವರ್ಷವನ್ನು ಕೈಬಿಟ್ಟು ದೊರೆಯ ಆಳ್ವಿಕೆಯ ಐದನೆಯ ವರ್ಷವನ್ನೂ, ಅರವತ್ತು ವರ್ಷಗಳ ಚಕ್ರದಲ್ಲಿ ಬರುವ ‘ಸಿದ್ಧಾರ್ಥ’ ಎಂಬ ಸಂವತ್ಸರದ ಹೆಸರನ್ನೂ, ವೈಶಾಖ ಪೌರ್ಣಮಿಯನ್ನೂ ಹೇಳುತ್ತದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಅಜ್ಜ ಮೊಮ್ಮಗ ಇಬ್ಬರೂ ಒಂದೇ ಸಂವತ್ಸರದಲ್ಲಿ ಹುಟ್ಟಿದ್ದೇವೆನ್ನಬಹುದಾದ ಗೊಂದಲ ಇಲ್ಲಿಯೂ ಉಂಟು. ವಿದ್ವಾಂಸರಲ್ಲಿ ಹಲವರು ಇದನ್ನು ಕ್ರಿ.ಶ. 602 ಎಂದು ಎಣಿಸುತ್ತಾರೆ. ಜನರ ಲೆಕ್ಕದಲ್ಲಿ ಇದು ಆಗಿ ಹುಣ್ಣಿಮೆ.

ಪಟ್ಟದಕಲ್ಲಿನಲ್ಲಿ ಕಾಲಗಣನೆಯ ಅತ್ಯಂತ ಸ್ವಾರಸ್ಯಕರ ಪ್ರಸಂಗವಿದೆ, ಮತ್ತು ಅದರ ನಾಯಕ ದೊರೆಯಲ್ಲ, ಒಬ್ಬ ಯಾತ್ರಿಕ. ಎರಡನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಇಲ್ಲಿ ಕಂಬವೊಂದನ್ನು ನಿಲ್ಲಿಸಿ ಶಾಸನ ಬರೆಸಿದ ಜ್ಞಾನಶಿವಾಚಾರ್ಯನು ಗಂಗೆಯ ಉತ್ತರ ದಡದ ಮೃಗಥಾಣಿಕಾಹಾರ ಎಂಬ ಪ್ರಾಂತದಿಂದ ಬಂದವನು. ಊರು ಬಿಟ್ಟು ಇಷ್ಟು ದೂರ ಬಂದರೂ ಊರಿನ ರೂಢಿಯನ್ನು ಬಿಡದ ಈ ಆಚಾರ್ಯ ತನ್ನ ಸಂಸ್ಕೃತ ಶಾಸನವನ್ನು ಒಮ್ಮೆ ಉತ್ತರದ ಲಿಪಿಯಲ್ಲಿ, ಇನ್ನೊಮ್ಮೆ ಸ್ಥಳೀಯ ಕನ್ನಡ ಲಿಪಿಯಲ್ಲಿ, ಹೀಗೆ ಎರಡು ಸಲ ಕೆತ್ತಿಸಿದನು. ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿಯರು ಕಟ್ಟಿಸಿದ ಗುಡಿಗಳ ಉಲ್ಲೇಖವೂ ಇದರಲ್ಲಿ ಬರುವುದರಿಂದ, ಪಟ್ಟದಕಲ್ಲಿನ ಇತಿಹಾಸಕ್ಕೆ ಈ ಪರದೇಶಿಯ ಕಂಬ ಅನಿವಾರ್ಯ ಆಧಾರವಾಗಿದೆ.

ದಾನದ ದಿನವನ್ನು ಅವನು ಶ್ರಾವಣ ಮಾಸದ ಅಮಾವಾಸ್ಯೆ, ಸೂರ್ಯಗ್ರಹಣ ಎಂದು ಗುರುತಿಸಿದ್ದಾನೆ. ಗ್ರಹಣವಿದ್ದರೆ ಕಾಲನಿರ್ಣಯಕ್ಕೆ ಬೇರೆ ಸಾಕ್ಷಿ ಬೇಡ, ಅದು ಕ್ರಿ.ಶ. 754ರ ಜೂನ್ 25 ಎಂದು ಲೆಕ್ಕ ಖಚಿತವಾಗಿ ಕೂಡಿಬರುತ್ತದೆ. ಆದರೆ ಜೂನ್ ತಿಂಗಳಲ್ಲಿ ಶ್ರಾವಣದ ಅಮಾವಾಸ್ಯೆ ಬರುವುದು ಹೇಗೆ? ಕರ್ನಾಟಕದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಇದಕ್ಕೆ ಅಮಾಂತ ಪದ್ಧತಿಯೆನ್ನುತ್ತಾರೆ. ಉತ್ತರ ಭಾರತದ ಪೂರ್ಣಿಮಾಂತ ಪದ್ಧತಿಯಲ್ಲಿ ತಿಂಗಳು ಹುಣ್ಣಿಮೆಗೆ ಮುಗಿದು ಮರುದಿನದಿಂದಲೇ ಮುಂದಿನ ಮಾಸ ಆರಂಭವಾಗುವುದರಿಂದ, ಕೃಷ್ಣಪಕ್ಷದ ಹದಿನೈದು ದಿನ ಅವರು ನಮಗಿಂತ ಒಂದು ತಿಂಗಳು ಮುಂದಿರುತ್ತಾರೆ. ಜ್ಞಾನಶಿವನ ಶ್ರಾವಣದ ಅಮಾವಾಸ್ಯೆ ನಮ್ಮ ಆಷಾಢದ ಅಮಾವಾಸ್ಯೆ, ಈ ಭಾಗದವರ ಬಾಯಲ್ಲಿ ನಾಗರ ಅಮಾವಾಸ್ಯೆ. ಮಲಪ್ರಭೆಯ ದಂಡೆಯಲ್ಲಿ ನಿಂತು ಗಂಗೆಯ ಪಂಚಾಂಗ ನೋಡಿದ ಈ ಯಾತ್ರಿಕ, ವಿದೇಶಕ್ಕೆ ಹೋದರೂ ಕೈಗಡಿಯಾರವನ್ನು ಊರಿನ ಸಮಯಕ್ಕೇ ಇಟ್ಟುಕೊಳ್ಳುವ ಇಂದಿನವರ ಪೂರ್ವಜನೆನ್ನಲು ಅಡ್ಡಿಯಿಲ್ಲ.

ಐಹೊಳೆಯ ಮೇಗುತಿ ಬಸದಿಯ ರವಿಕೀರ್ತಿಯದು ಇನ್ನೊಂದು ಬಗೆಯ ಠೀವಿ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು 37 ಶ್ಲೋಕಗಳಲ್ಲಿ ಹಾಡಿ, ತನ್ನನ್ನು ಕಾಳಿದಾಸ ಭಾರವಿಯರ ಸಾಲಿನಲ್ಲಿ ತಾನೇ ಕೂರಿಸಿಕೊಂಡ ಈ ಜೈನ ಕವಿ, ಶಕವರ್ಷ 556 ಎಂದು ಹೇಳಿ ಸುಮ್ಮನಾಗದೆ, ಭಾರತ ಯುದ್ಧ ನಡೆದು 3735 ವರ್ಷಗಳಾದವೆಂದೂ ಸೇರಿಸುತ್ತಾನೆ. ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಕ್ಕೆ ಎಣಿಸಬಲ್ಲವನು ಬಸದಿ ಪೂರ್ಣಗೊಂಡ ತಿಂಗಳನ್ನಾಗಲಿ ತಿಥಿಯನ್ನಾಗಲಿ ಹೇಳುವುದಿಲ್ಲ. ಕ್ರಿ.ಶ. 634–35 ಎಂಬ ಜೋಡಿ ವರ್ಷವನ್ನು ಪಠ್ಯಪುಸ್ತಕಗಳು ಇಂದಿಗೂ ಅಡ್ಡಗೆರೆಯೊಂದಿಗೆ ಬರೆಯಬೇಕಾಗಿರುವುದು ಅವನ ಈ ಔದಾಸೀನ್ಯದಿಂದ. ಮಂಗಳೇಶ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಸಂಗತಿ ತಿಳಿಯುವುದು ಇವನಿಂದಲೇ, ಅದಕ್ಕೂ ತಿಥಿಯಿಲ್ಲ.

ರವಿಕೀರ್ತಿ ಹೊಗಳಿದ ದೊರೆಯ ನಾಡನ್ನು ಅದಾದ ಕೆಲವೇ ವರ್ಷಗಳಲ್ಲಿ ಕಂಡವನು ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್. 629ರಲ್ಲಿ ಹೊರಟು 645ರಲ್ಲಿ ಮರಳಿ, ಮರುವರ್ಷ ಸಿದ್ಧಪಡಿಸಿದ ಪ್ರವಾಸ ಗ್ರಂಥದಲ್ಲಿ ಅವನು ಈ ರಾಜ್ಯವನ್ನು ಮಹಾರಾಷ್ಟ್ರವೆಂದು ಹೆಸರಿಸುತ್ತಾನೆ. ಹರ್ಷನ ಸೈನ್ಯಕ್ಕೂ ಬಗ್ಗದ ಇಲ್ಲಿನ ಜನ ಉಪಕಾರಕ್ಕೆ ಕೃತಜ್ಞರು, ಅಪಕಾರಕ್ಕೆ ನಿರ್ದಯರು ಎಂದು ಮೆಚ್ಚಿ, ಯುದ್ಧಕ್ಕೆ ಮುನ್ನ ಯೋಧರೂ ಆನೆಗಳೂ ಮದ್ಯ ಕುಡಿದು ಸಜ್ಜಾಗುತ್ತಿದ್ದುದನ್ನು, ಸೋತು ಬಂದ ದಳಪತಿಗೆ ಶಿಕ್ಷೆಯ ಬದಲು ಹೆಂಗಸರ ಉಡುಪನ್ನು ಕೊಡುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಇಂಥ ವಿವರಗಳನ್ನು ಯಾವ ಪ್ರಶಸ್ತಿಕಾರನೂ ಕಲ್ಲಿಗೆ ಹಾಕಿಸಲಾರ. ಆದರೆ ಯಾತ್ರಿಕನ ಅಳತೆಗೋಲು ದೂರದ್ದು, ಕಾಲದ್ದಲ್ಲ. ಎಷ್ಟು ‘ಲೀ’ ನಡೆದನೆಂದು ತಪ್ಪದೆ ಹೇಳುವವನು ಯಾವ ದಿನ ಬಂದನೆಂದು ಹೇಳುವುದಿಲ್ಲ. ಕವಿಯ ವರ್ಷವನ್ನೂ ಯಾತ್ರಿಕನ ಆನೆಗಳನ್ನೂ ಕೂಡಿಸಿಕೊಂಡು ಓದಿದರೆ ಮಾತ್ರ ಪುಲಕೇಶಿಯ ಆಸ್ಥಾನದ ಒಂದು ದಿನ ಕಣ್ಣಿಗೆ ಕಟ್ಟುತ್ತದೆ.

ಆ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. ಬಾದಾಮಿಯ ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನು ಬರೆಸಿದ, ಬಹುಮಟ್ಟಿಗೆ ಸವೆದುಹೋದ ಶಾಸನ ಅವನ ಆಳ್ವಿಕೆಯ ಹದಿಮೂರನೆಯ ವರ್ಷವನ್ನು ಹೇಳುತ್ತದೆ. ಗೆದ್ದವನು ಊರನ್ನಷ್ಟೇ ಅಲ್ಲ, ಊರಿನ ವರ್ಷವನ್ನೂ ವಶಪಡಿಸಿಕೊಂಡನು. ಇದಕ್ಕೆ ಚಾಲುಕ್ಯರ ಉತ್ತರ ಒಂದು ಶತಮಾನದ ಬಳಿಕ, ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೆ, ಕನ್ನಡದಲ್ಲಿ ಕೆತ್ತಲ್ಪಟ್ಟಿತು; ಆ ಗುಡಿಯ ಸಂಪತ್ತನ್ನು ದೋಚದೆ ಮರಳಿಸಿದ ಎರಡನೆಯ ವಿಕ್ರಮಾದಿತ್ಯನ ಔದಾರ್ಯವನ್ನು ಅದು ಹೇಳುತ್ತದೆ.

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಬಾದಾಮಿಯ ಅತಿ ಜನಪ್ರಿಯ ಶಾಸನ ತಾರೀಖಿನ ತಂಟೆಗೇ ಹೋಗಿಲ್ಲ. ತಟ್ಟುಕೋಟೆಯ ಬಳಿಯ ಬಂಡೆಯ ಮೇಲಿರುವ, ತ್ರಿಪದಿಗೆ ಹಳೆಯ ನಿದರ್ಶನವೆಂದು ಪ್ರತಿ ಕನ್ನಡ ವಿದ್ಯಾರ್ಥಿಯೂ ಓದುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಲಸೂಚಕವಾಗಿರುವ ಮಾತು ‘ಕಲಿಯುಗ’ ಒಂದೇ. ಕಲಿಯುಗದ ಅವಧಿ 4,32,000 ವರ್ಷವಾದ್ದರಿಂದ, ಇಷ್ಟು ವಿಶಾಲವಾದ ತಾರೀಖು ಬೇರೆ ಯಾವ ಶಾಸನಕ್ಕೂ ಇರಲಾರದು. ಅಕ್ಷರಗಳ ಮಾಟವನ್ನು ನೋಡಿ ಅದನ್ನು ಕ್ರಿ.ಶ. 700ರ ಸುಮಾರಿನದೆಂದು ವಿದ್ವಾಂಸರು ಊಹಿಸಿದ್ದಾರೆ. ಗುಹೆಗಳ ಸುತ್ತಮುತ್ತ ಕೊಳಿಮಂಚಿಯಂಥ ಬರಿಯ ಹೆಸರುಗಳೂ ಕೆತ್ತಲ್ಪಟ್ಟಿವೆ, ಅವುಗಳಿಗೂ ದಿನವಿಲ್ಲ. ಇಂದಿನ ಕೆಲವು ಪ್ರವಾಸಿಗಳು ಮಾತ್ರ ಹೆಸರಿನ ಜೊತೆಗೆ ತಾರೀಖನ್ನೂ ಬಾಣ ನೆಟ್ಟ ಹೃದಯವನ್ನೂ ತಪ್ಪದೆ ಗೀಚುತ್ತಾರೆ. ಸಂರಕ್ಷಿತ ಸ್ಮಾರಕದ ಮೇಲೆ ಹಾಗೆ ಗೀಚುವುದು ದಂಡನೀಯ ಅಪರಾಧವಾದ್ದರಿಂದ, ತಾರೀಖು ಹಾಕಿ ಸಾಕ್ಷಿ ಒದಗಿಸುವ ಅವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಕಲ್ಲಿನ ತಿಥಿಯನ್ನು ಕಾಗದದ ತಾರೀಖಾಗಿ ಬದಲಿಸುವ ವಿದ್ಯೆ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೊದಲು ಶಾಸನದ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತಿ ‘ಪಡಿಯಚ್ಚು’ ತೆಗೆಯುತ್ತಾರೆ. ಓದು ಆಮೇಲೆ, ಲೆಕ್ಕ ಅದರಾಚೆ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಈ ಸೀಮೆಯ ಶಾಸನಗಳನ್ನು ಓದಿ ಪ್ರಕಟಿಸಿದರು, ಅವರಿಗೆ ಪಂಚಾಂಗದ ಗಣಿತದಲ್ಲಿ ನೆರವಾದವರು ಶಂಕರ ಬಾಲಕೃಷ್ಣ ದೀಕ್ಷಿತರು. ದೀಕ್ಷಿತರು ರಾಬರ್ಟ್ ಸೆವೆಲ್ ಅವರೊಡನೆ ಸೇರಿ 1896ರಲ್ಲಿ ಭಾರತೀಯ ಪಂಚಾಂಗದ ಕೋಷ್ಟಕಗಳನ್ನು ಹೊರತಂದರೆ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ 1922ರ ಬೃಹತ್ ಸಂಪುಟಗಳು ಕ್ರಿ.ಶ. 700ರಿಂದ 1799ರವರೆಗಿನ ದಿನಗಳನ್ನು ಲೆಕ್ಕ ಹಾಕಿಟ್ಟವು. ಜ್ಞಾನಶಿವ ಅವುಗಳಲ್ಲಿ ಸಿಗುತ್ತಾನೆ, ಮಂಗಳೇಶ 122 ವರ್ಷ ಮೊದಲೇ ಬಂದು ತಪ್ಪಿಸಿಕೊಂಡಿದ್ದಾನೆ.

ಐಹೊಳೆಯಿಂದ ಅಮೀನಗಡಕ್ಕೆ ಬಂದು, ಕರದಂಟು ಕಟ್ಟಿಸಿಕೊಂಡು, ಹುನಗುಂದ ಇಳಕಲ್ಲುಗಳ ಕಡೆಗೋ ಮರಳಿ ವಿದ್ಯಾಗಿರಿಗೋ ತಿರುಗುವ ಪ್ರವಾಸಿ ತನ್ನ ಟಿಪ್ಪಣಿಯಲ್ಲಿ ಆ ದಿನದ ತಾರೀಖಿನ ಪಕ್ಕ ತಿಥಿಯನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು. ಮಹಾಕೂಟದ ಕಂಬವನ್ನು ಮಾತ್ರ ಮಹಾಕೂಟದಲ್ಲಿ ಹುಡುಕಬಾರದು. ಅದು ಈಗ ವಿಜಯಪುರದ ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿದೆ.